ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳು ಅಲ್ಲಾಡದಿದ್ದರೆ ಸೆನ್ಸರ್ ವೈರಿಂಗ್ ಪರೀಕ್ಷಿಸುವುದು ಹೇಗೆ?

ಟ್ಯಾಂಕ್ ತುಂಬಿಸಿದರೂ ಮುಳ್ಳು ಖಾಲಿಯಲ್ಲೇ ನಿಂತಿದೆಯೇ? ದಯವಿಟ್ಟು ವೈರು ಪರೀಕ್ಷಿಸದೆ ಹೊಸ ಸೆನ್ಸರ್ ಕೊಳ್ಳಬೇಡಿ.

ಅನೇಕ ಕಾರುಗಳಲ್ಲಿ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಕೆಳಗೆ. ಸೀಟು ಎತ್ತಿ, ಕಾರ್ಪೆಟ್ ಸರಿಸಿದರೆ ಸಣ್ಣ ಮುಚ್ಚಳ ಸಿಗುತ್ತದೆ; ಸೆನ್ಸರಿನ ವೈರುಗಳು ಸೇರುವ ಕನೆಕ್ಟರ್ ಅದರ ಕೆಳಗಿರುತ್ತದೆ. ಮುಚ್ಚಳವಿಲ್ಲದ ಮಾದರಿಯಾದರೆ ಟ್ಯಾಂಕನ್ನೇ ಇಳಿಸಬೇಕು. ಅದನ್ನು ಮೆಕ್ಯಾನಿಕ್‌ಗೆ ಬಿಡಿ. ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದ ಮೇಲೆಯೇ ಕನೆಕ್ಟರ್ ಬಿಚ್ಚಿ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು, ಇದರಲ್ಲಿ ಮಾತ್ರ ಅವಸರ ಬೇಡ.

ಕನೆಕ್ಟರಿನ ದಪ್ಪ ವೈರುಗಳು ಸಾಮಾನ್ಯವಾಗಿ ಟ್ಯಾಂಕಿನೊಳಗಿನ ಇಂಧನ ಪಂಪಿನವು, ತೆಳುವಾದವು ಸೆನ್ಸರಿನವು. ಬಣ್ಣವನ್ನು ವೈರಿಂಗ್ ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ. ಮಲ್ಟಿಮೀಟರನ್ನು (ವಿದ್ಯುತ್ ಅಳೆಯುವ ಸಾಧನ) ಓಮ್‌ಗೆ, ಅಂದರೆ ರೋಧ ಅಳೆಯುವ ಸ್ಥಾನಕ್ಕೆ ಇಟ್ಟು, ಟ್ಯಾಂಕಿನ ಕಡೆಯ ಸೆನ್ಸರ್ ಪಿನ್‌ಗಳ ನಡುವೆ ಅಳೆಯಿರಿ. ಪೆಟ್ರೋಲ್ ಮೇಲೆ ತೇಲುವ ಸೆನ್ಸರಿನ ಬುರುಡೆ ಏರಿಳಿದಂತೆ ಈ ರೋಧ ಬದಲಾಗುತ್ತದೆ. ಹಳೆಯ ಜನರಲ್ ಮೋಟರ್ಸ್ ಕಾರುಗಳಲ್ಲಿ ಖಾಲಿಗೆ 0, ತುಂಬಿದಾಗ 90 ಓಮ್. ಕೆಲವು ಕಾರುಗಳಲ್ಲಿ ಇದು ತಲೆಕೆಳಗು, ಆದ್ದರಿಂದ ನಿಮ್ಮ ಕಾರಿನ ಸರ್ವಿಸ್ ಕೈಪಿಡಿ ನೋಡಿ. ಅಂಕಿಯೇ ಬರದಿದ್ದರೆ ಸೆನ್ಸರಿನ ಒಳಗೆ ಎಲ್ಲೋ ಸಂಪರ್ಕ ಕಡಿದಿದೆ.

ಅಂಕಿ ಸರಿಯಿದ್ದರೆ ಕನೆಕ್ಟರಿನ ಕಾರಿನ ಕಡೆಯ ಅರ್ತ್ ವೈರಿಗೂ (ವಿದ್ಯುತ್ ಹಿಂತಿರುಗುವ ವೈರು) ಕಾರಿನ ಲೋಹದ ಬಾಡಿಗೂ ನಡುವೆ ಅಳೆಯಿರಿ. ಅರ್ತ್ ನೇರವಾಗಿ ಈ ಬಾಡಿಯನ್ನು ಸೇರುವ ಕಾರಿನಲ್ಲಿ 1 ಓಮ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಅರ್ತ್ ಬೋಲ್ಟಿನ ತುಕ್ಕನ್ನು ಉಜ್ಜಿ ತೆಗೆಯಿರಿ. ಅದೂ ಸರಿಯಿದ್ದರೆ ಸಿಗ್ನಲ್ ವೈರು (ಸೆನ್ಸರಿನ ಇನ್ನೊಂದು ವೈರು) ಮೀಟರ್ ಫಲಕದವರೆಗೆ ಅಖಂಡವಾಗಿದೆಯೇ ಎಂದು ಪರೀಕ್ಷಿಸಿ.