ಕೇಳಿ, ಹೇಳ್ತೀನಿ: ಚೋಮನಾಗಿ ನಿಂತ ವಾಸುದೇವ ರಾವ್

ಪ್ರಶ್ನೆ: ಮೊನ್ನೆ ‘ಚೋಮನ ದುಡಿ’ ಸಿನಿಮಾ ನೋಡಿದೆ. ಚೋಮನ ಪಾತ್ರ ಮಾಡಿದವರು ನಟ ಅಂತ ಅನ್ನಿಸಲೇ ಇಲ್ಲ. ಯಾವುದೋ ಹಳ್ಳಿಯಿಂದ ಕೂಲಿಯವರೊಬ್ಬರನ್ನು ಕರೆತಂದು ನಿಲ್ಲಿಸಿದ್ದರಾ?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಇಲ್ಲಮ್ಮ. ಅವರು ಎಂ.ವಿ. ವಾಸುದೇವ ರಾವ್. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಪಳಗಿದವರು. ಆದರೆ ನಿಮಗೆ ಹಾಗೆ ಅನ್ನಿಸಿತಲ್ಲ, ಆ ನಟನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲ.

ಬಿ.ವಿ. ಕಾರಂತರು 1975ರಲ್ಲಿ ಈ ಚಿತ್ರ ಮಾಡಿದರು. ಕಥೆ ಶಿವರಾಮ ಕಾರಂತರದು, 1933ರ ಕಾದಂಬರಿ. ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಆ ಸಾಲಿನಲ್ಲಿ ಇದಕ್ಕೆ ಬಂತು. ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ವಾಸುದೇವ ರಾಯರಿಗೆ ಬಂತು. ಕನ್ನಡ ಚಿತ್ರವೊಂದರ ನಟನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಇನ್ನೊಂದು ಸಲ ನೋಡುವಾಗ ಮಾತು ಬಿಟ್ಟು ಮೈ ನೋಡಿ. ಚೋಮನಿಗೆ ಒಂದೇ ಆಸೆ, ಬೇಸಾಯ ಮಾಡಬೇಕು. ಎರಡು ಎತ್ತು ಸಾಕಿಕೊಂಡಿದ್ದಾನೆ, ಉಳೋದಕ್ಕೆ ಭೂಮಿ ಇಲ್ಲ. ಧಣಿ ಸಂಕಪ್ಪಯ್ಯನ ಮನೆ ಅಂಗಳದಲ್ಲಿ ನಿಂತಾಗ ಅವನ ಬೆನ್ನು, ಕತ್ತು, ಮೊಣಕಾಲು ಎಲ್ಲ ಮೊದಲೇ ಸೋತು ಬಗ್ಗಿರುತ್ತವೆ. ‘ಇಲ್ಲ’ ಅಂತ ಧಣಿ ಹೇಳುವ ಮೊದಲೇ ಆ ಮೈಗೆ ಉತ್ತರ ಗೊತ್ತು. ಅದೇ ಮನುಷ್ಯ ಗುಡಿಸಲಿಗೆ ಬಂದು ಹೆಂಡ ಕುಡಿದು ದುಡಿ ಅನ್ನುವ ಚರ್ಮವಾದ್ಯ ಹಿಡಿದು ಕೂತರೆ ಬೇರೆಯೇ ಆಳು. ಅಲ್ಲಿ ಅವನೇ ಯಜಮಾನ. ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪಿ ಹೋದ ಮೇಲೆ ಆ ಕೈಗೆ ಉಳಿಯುವುದು ದುಡಿ ಒಂದೇ. ಸಿಟ್ಟು, ಅಳು, ಸೊಕ್ಕು, ಎಲ್ಲವನ್ನೂ ಬಡಿತದಲ್ಲೇ ತೋರಿಸಬೇಕು. ಇಷ್ಟನ್ನು ಕ್ಯಾಮೆರಾ ಮುಂದೆ ಒಂದಿಷ್ಟೂ ಜಾಸ್ತಿ ಆಗದ ಹಾಗೆ ಮಾಡುವುದು ಸುಮ್ನೆ ಮಾತಲ್ಲ.

ಪ್ರಶ್ನೆ: ಕಂಪನಿ ನಾಟಕದವರದ್ದು ಬರೀ ಕೂಗಾಟ, ಸಿನಿಮಾಕ್ಕೆ ಒಗ್ಗಲ್ಲ ಅಂತ ನಮ್ಮ ತಂಡದ ಹುಡುಗರು ಆಡಿಕೊಳ್ಳುತ್ತಾರೆ. ನೀವೇನಂತೀರಿ ಸಾರ್?
– ಹವ್ಯಾಸಿ ನಟ, ಧಾರವಾಡ

ಉತ್ತರ: ಆ ಹುಡುಗರನ್ನು ಕೂರಿಸಿ ಇದೇ ಚಿತ್ರ ತೋರಿಸಿ ಅಂತೀನಿ. ಈ ಮಾತು ಕೇಳಿದಾಗಲೆಲ್ಲ ನನಗೆ ನಿಜಕ್ಕೂ ನೋವಾಗುತ್ತದೆ.

ಕಂಪನಿಯವರು ದನಿ ಎತ್ತುತ್ತಿದ್ದರು, ಹೌದು. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕಿತ್ತಲ್ವಾ? ಅಲ್ಲಿ ಕಲಿತದ್ದು ಅದೊಂದನ್ನೇ ಅಲ್ಲ. ಇವತ್ತು ರಾಜ, ನಾಳೆ ಸೇವಕ, ನಾಡಿದ್ದು ಹೆಣ್ಣುವೇಷ. ಹಾಡು ಬರಬೇಕು, ತಾಳ ತಪ್ಪಬಾರದು. ಚೋಮನಂಥ ಪಾತ್ರಕ್ಕೆ ತಾಳಜ್ಞಾನ ಇಲ್ಲದ ನಟನನ್ನು ಹಾಕಿ ನೋಡಿ, ಅರ್ಧ ಚಿತ್ರ ಬಿದ್ದುಹೋಗುತ್ತದೆ.

ನಾನು ಹವ್ಯಾಸಿ ತಂಡದಲ್ಲಿ ಬಹಳ ಕಾಲ ಪ್ರಾಂಪ್ಟರ್, ಅಂದರೆ ಮರೆಯಲ್ಲಿ ನಿಂತು ನಟರಿಗೆ ಮಾತು ನೆನಪಿಸುವವನು, ಆಗಿದ್ದವನು. ಸೈಡ್‌ವಿಂಗ್‌ನಲ್ಲಿ ನಿಂತವನಿಗೆ ನಟರ ಕೈಗಳೇ ಮೊದಲು ಕಾಣುವುದು. ತನ್ನ ಮಾತು ಮುಗಿದ ಮೇಲೆ ಕೈ ಎಲ್ಲಿಡಬೇಕು ಅಂತ ಹೊಸಬರು ತಡಕಾಡುತ್ತಾರೆ. ಪಂಚೆ ಸರಿಮಾಡಿಕೊಳ್ಳುತ್ತಾರೆ, ಮೀಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ಕಂಪನಿಯಲ್ಲಿ ಪಳಗಿದ ಹಿರಿಯರೊಬ್ಬರು ನಮ್ಮ ಜೊತೆ ಪಾತ್ರ ಮಾಡಿದ್ದರು. ಎದುರಿನವನು ಮಾತಾಡುವಷ್ಟು ಹೊತ್ತೂ ಅವರ ಎರಡು ಕೈಯೂ ಅಲುಗದೆ ತೊಡೆಯ ಮೇಲಿರುತ್ತಿದ್ದವು. ಜನ ಮಾತ್ರ ಅವರನ್ನೇ ನೋಡುತ್ತಿದ್ದರು. ವಾಸುದೇವ ರಾಯರಲ್ಲಿ ನನಗೆ ಕಾಣುವುದೂ ಅದೇ ಹಿಡಿತ.

ಇನ್ನೊಂದು ಮಾತು. ಬಿ.ವಿ. ಕಾರಂತರೂ ಹುಡುಗರಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ದವರೇ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿದ್ದು ಆಮೇಲೆ.

ಪ್ರಶ್ನೆ: ಕನ್ನಡ ಚಿತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದವರು ಯಾರ್ಯಾರು?
– ಗೃಹಿಣಿ, ತುಮಕೂರು

ಉತ್ತರ: ವಾಸುದೇವ ರಾಯರ ನಂತರ ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್, ‘ಕಾಂತಾರ’ದ ರಿಷಬ್ ಶೆಟ್ಟಿ. ಇವರಲ್ಲಿ ವಿಜಯ್ ಕೂಡ ನಾಟಕದಿಂದಲೇ ಬಂದವರು. ‘ಸಂಚಾರಿ’ ಅನ್ನುವುದು ಅವರ ರಂಗತಂಡದ ಹೆಸರು. 2021ರಲ್ಲಿ ಅಪಘಾತದಲ್ಲಿ ತೀರಿಕೊಂಡರು, ಇನ್ನೂ ನಲವತ್ತೂ ಆಗಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಪ್ರಶ್ನೆ: ವಾಸುದೇವ ರಾಯರದ್ದು ಚೋಮ ಬಿಟ್ಟರೆ ಮತ್ತೆ ಯಾವ ಚಿತ್ರ ನೋಡಬೇಕು?
– ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ಮೇಷ್ಟ್ರೇ, ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ. ಮೊದಲು ‘ಒಕ ಊರಿ ಕಥ’ ನೋಡಿ. 1977ರ ತೆಲುಗು ಚಿತ್ರ, ನಿರ್ದೇಶನ ಬಂಗಾಳದ ಮೃಣಾಲ್ ಸೇನ್, ಮೂಲ ಪ್ರೇಮಚಂದರ ‘ಕಫನ್’ ಕಥೆ. ಇದರಲ್ಲಿ ವಾಸುದೇವ ರಾಯರು ವೆಂಕಯ್ಯ.

ಚೋಮನ ಹಾಗೆ ವೆಂಕಯ್ಯನಿಗೂ ಭೂಮಿ ಇಲ್ಲ. ಆದರೆ ಚೋಮ ದುಡಿಯೋದಕ್ಕೆ ಒಂದು ತುಂಡು ಗದ್ದೆ ಕೊಡಿ ಅಂತ ಜೀವನಪೂರ್ತಿ ಬೇಡಿದರೆ, ವೆಂಕಯ್ಯ ಕೆಲಸ ಮಾಡುವುದೇ ಇಲ್ಲ ಅಂತ ಕೂತುಬಿಡುತ್ತಾನೆ. ನಾವು ಬೆವರು ಸುರಿಸಿದರೆ ಕೊಬ್ಬುವುದು ಧಣಿ ತಾನೇ, ಮತ್ತೆ ಯಾಕೆ ದುಡಿಯಬೇಕು ಅನ್ನುವುದು ಅವನ ವಾದ. ಕೇಳುತ್ತಾ ಕೇಳುತ್ತಾ ನಮಗೇ ಹೌದಲ್ಲ ಅನ್ನಿಸುತ್ತದೆ. ಅಷ್ಟರಲ್ಲಿ ಮನೆಗೆ ಬಂದ ಸೊಸೆ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದರೂ ಅವನು ಏಳುವುದಿಲ್ಲ. ಆಗ ಅವನ ಮೇಲೆ ಮೈಯೆಲ್ಲ ಉರಿಯುತ್ತದೆ. ಚೋಮನಿಗಾಗಿ ಅತ್ತವರೇ ಇಲ್ಲಿ ಅದೇ ಮುಖ ನೋಡಿ ಹಲ್ಲು ಕಚ್ಚುತ್ತೇವೆ. ಎರಡು ಚಿತ್ರಗಳ ನಡುವೆ ಇರುವುದು ಎರಡೇ ವರ್ಷ. ಬಹುಮುಖ ಪ್ರತಿಭೆ ಅಂತ ಯಾರಿಗೆ ಬೇಕಾದರೂ ಬರೆದುಬಿಡುತ್ತೇವೆ, ಈ ಎರಡು ಚಿತ್ರ ನೋಡಿದ ಮೇಲೆ ನಾನು ಹಾಗೆ ಬರೆಯುವುದನ್ನು ಕಡಿಮೆ ಮಾಡಿದೆ.

ಆಮೇಲೆ ಮಣಿರತ್ನಂ ಅವರ ‘ನಾಯಗನ್’ ಇದೆ, 1987ರದ್ದು. ಕಮಲ್ ಹಾಸನ್ ಪಾತ್ರವನ್ನು ಸಾಕಿ ಬೆಳೆಸುವ ಹುಸೇನ್ ಭಾಯಿ ಇವರೇ. ಚಿಕ್ಕ ಪಾತ್ರ, ಚಿತ್ರದ ಮೊದಲ ಭಾಗದಲ್ಲೇ ಮುಗಿಯುತ್ತದೆ. ತಡವಾಗಿ ಕೂರಬೇಡಿ.