0.35 ದೊಡ್ಡದಾ, 0.4 ದೊಡ್ಡದಾ?

0.4ಕ್ಕಿಂತ 0.35 ದೊಡ್ಡದು ಅಂತ ನಿಮ್ಮ ಮಗಳು ಹಟ ಹಿಡಿಯುವುದಕ್ಕೆ ಕಾರಣ ಬಹುಶಃ ಅವಳು ಓದುವ ರೀತಿ. ಬಿಂದುವಿನ ಆಚೆಯದನ್ನು "ಮೂವತ್ತೈದು" ಅಂತ ಓದುತ್ತಿರಬೇಕು. ಮೂವತ್ತೈದು ನಾಲ್ಕಕ್ಕಿಂತ ದೊಡ್ಡದೇ ಅಲ್ವಾ!

ಮೊದಲು "ಸೊನ್ನೆ ಬಿಂದು ಮೂರು ಐದು" ಅಂತ ಬಿಡಿಬಿಡಿಯಾಗಿ ಓದಿಸಿ. ಆಮೇಲೆ ಬಟ್ಟೆ ಹೊಲಿಯುವವರ ಟೇಪ್ ಹಾಸಿ. ಒಂದು ಮೀಟರನ್ನು ಹತ್ತು ಸಮಭಾಗ ಮಾಡಿದರೆ ಒಂದೊಂದು ಭಾಗ 10 ಸೆಂ.ಮೀ. ಅದೇ ದಶಾಂಶ ಸ್ಥಾನ, ಅಂದರೆ ಬಿಂದುವಿನ ಆಚೆಯ ಮೊದಲ ಅಂಕಿಯ ಜಾಗ. 0.4 ಅಂದರೆ ಅಂಥ ನಾಲ್ಕು ಭಾಗ. 0.35 ಅಂದರೆ ಮೂರು ಭಾಗ, ಮೇಲೆ 5 ಸೆಂ.ಮೀ. ಅಷ್ಟೇ. ಬೆರಳಿಟ್ಟು ತೋರಿಸಲಿ.

ದುಡ್ಡಿನ ಉದಾಹರಣೆ ಸದ್ಯಕ್ಕೆ ಬೇಡ. 0.50 ರೂಪಾಯಿಯನ್ನು "ಐವತ್ತು ಪೈಸೆ" ಅನ್ನುತ್ತಾ ಅದೇ ತಪ್ಪು ಗಟ್ಟಿಯಾಗುತ್ತದೆ.

ಮರುದಿನ 0.45, 0.3 ಕೇಳಿ. 0.3 ದೊಡ್ಡದು ಅಂದರೆ, ಅಂಕಿ ಕಡಿಮೆ ಇದ್ದರೆ ದೊಡ್ಡದು ಅಂತ ಸುಮ್ನೆ ಉರು ಹೊಡೆದಿದ್ದಾಳೆ. ಮತ್ತೆ ಟೇಪ್ ತೆಗೆಯಿರಿ.