ಅಮ್ಮನ ಕೈ, ಅವನ ಮುಖ

ಪ್ರಶ್ನೆ: ಅಕ್ಕಾ, ನನಗೆ 17 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಹಳ್ಳಿಯವಳು, ಪ್ಲಸ್ ಟು ಓದುತ್ತಿದ್ದೇನೆ. ಎರಡು ಮಳೆಗಾಲ ಕೊಳೆರೋಗದಿಂದ ಅಡಿಕೆ ಫಸಲು ಕೈತಪ್ಪಿದ ಮೇಲೆ ಅಪ್ಪ ಕುಡಿಯತೊಡಗಿದ್ದಾರೆ. ಸಾಲದ ಮಾತು ಬಂದರೆ ರಾತ್ರಿಯಿಡೀ ಜಗಳ. ಅಮ್ಮ ಬೀಡಿ ಕಟ್ಟಿ ಮನೆ ನಡೆಸುತ್ತಾರೆ. ನನಗೆ ಚಿತ್ರಕಲೆ ಓದುವ ಆಸೆ, ಮನೆಯವರಿಗೆ ನನ್ನನ್ನು ನರ್ಸಿಂಗ್‌ಗೆ ಸೇರಿಸುವ ಆಸೆ. ಸಹಪಾಠಿಯೊಬ್ಬನನ್ನು ಪ್ರೀತಿಸುತ್ತಿದ್ದೇನೆ. ಒಳ್ಳೆಯವನು, ಆದರೆ ನಾನು ಮೈಸೂರಿಗೋ ತಿರುವನಂತಪುರಕ್ಕೋ ಹೋಗುವ ಮಾತೆತ್ತಿದರೆ ಮುಖ ಸಣ್ಣದು ಮಾಡುತ್ತಾನೆ. ಎರಡು ತಿಂಗಳಿಂದ ಪೆನ್ಸಿಲ್ ಹಿಡಿದಿಲ್ಲ. ಮನೆ, ಚಿತ್ರ, ಪ್ರೀತಿ ಈ ಮೂರರಲ್ಲಿ ಯಾವುದನ್ನು ಬಿಡಲಿ? ಹಿಂದೆ ಬರೆದ ಎರಡು ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ತಂಗೀ, ನಿನ್ನ ಎರಡು ಚಿತ್ರಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಒಂದು ಆ ಹುಡುಗನ ಮುಖ. ಕಣ್ಣು, ಕೂದಲು ಅಚ್ಚುಕಟ್ಟಾಗಿ ಮೂಡಿವೆ, ನೆರಳನ್ನು ಬೆರಳಿನಿಂದ ಉಜ್ಜಿ ನಯಗೊಳಿಸಿದ್ದೀಯ. ಇನ್ನೊಂದರಲ್ಲಿ ಬೀಡಿಯ ತಡ್ಪೆಯ (ಮೊರದ) ಮೇಲೆ ಅಮ್ಮನ ಕೈಗಳು ಮಾತ್ರ. ಎಲೆಯನ್ನು ಸುರುಳಿ ಮಾಡಿ ತುದಿ ಮಡಿಸುವ ಬಲಗೈಯ ಹೆಬ್ಬೆರಳನ್ನು ಮೂರು ಬಾರಿ ಬರೆದಿದ್ದೀಯ, ಮೊದಲ ಎರಡು ಗೆರೆಗಳನ್ನು ಅಳಿಸಿಲ್ಲ. ಅದರಿಂದಲೇ ಆ ಬೆರಳು ಈಗಲೂ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಎಡಗೈ ಮಣಿಕಟ್ಟಿನಲ್ಲೇ ನಿಂತಿದೆ. ಮುಖದ ಚಿತ್ರವನ್ನು ಕೈಪಳಗಿದ ಯಾರಾದರೂ ಬರೆದಾರು, ಆದರೆ ಆ ಹೆಬ್ಬೆರಳನ್ನು ದಿನವೂ ಕಣ್ಣಿಟ್ಟು ನೋಡಿದವಳು ಮಾತ್ರ ಬರೆಯಬಲ್ಲಳು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳು ಸಿಕ್ಕಿದರೆ ಬಿಡದೆ ನೋಡು. ಕುಣಿಯುವ ಮೈಯೊಂದನ್ನು ಅವರು ಎಷ್ಟು ಕಡಿಮೆ ಗೆರೆಗಳಲ್ಲಿ ಹಿಡಿದಿದ್ದಾರೆ ಎಂಬುದು ನಿನಗೆ ಬೇಗ ಅರ್ಥವಾದೀತು.

ಯಾವುದನ್ನು ಬಿಡಲಿ ಎಂದು ಕೇಳಿದ್ದೀಯ. ಅಪ್ಪನ ಕುಡಿತವಾಗಲಿ ಸಾಲವಾಗಲಿ ನೀನು ತಂದದ್ದಲ್ಲ, ನೀನು ಚಿತ್ರ ಬಿಟ್ಟ ಮಾತ್ರಕ್ಕೆ ತೀರುವುದೂ ಅಲ್ಲ. ಕೇರಳದ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಗೆ ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಅಪ್ಪನನ್ನು ಅಲ್ಲಿಗೆ ಕರೆದೊಯ್ಯುವುದು ಸೋದರಮಾವನೋ ದೊಡ್ಡಪ್ಪನೋ ಹೊರಬೇಕಾದ ಹೊಣೆ. ಮನೆಯಲ್ಲಿ ನಡೆಯುವುದನ್ನು ಮುಚ್ಚಿಡದೆ ಅವರಿಗೆ, ಇಲ್ಲವೇ ನೀನು ನಂಬುವ ಅಧ್ಯಾಪಕಿಗೆ ಹೇಳುವುದಷ್ಟೇ ನಿನ್ನ ಪಾಲು. ಜಗಳ ಹೊಡೆತಕ್ಕೆ ತಿರುಗುವ ರಾತ್ರಿ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು. 18 ತುಂಬದವರಿಗೆಂದೇ ಇರುವ ಆ ಸಂಖ್ಯೆ ಹಗಲಿರುಳು ಉಚಿತ. ಇದರಲ್ಲಿ ಅಪ್ಪನಿಗೆ ಮಾಡುವ ದ್ರೋಹವೇನೂ ಇಲ್ಲ.

ಈ ಮೂರರಲ್ಲಿ ಕೊನೆಯ ದಿನವೆಂಬುದು ಇರುವುದು ಚಿತ್ರದ ಓದಿನ ಅರ್ಜಿಗೆ ಮಾತ್ರ, ಆದ್ದರಿಂದ ಈ ವರ್ಷದ ಮೊದಲ ಗಮನ ಅದಕ್ಕೇ ಸಲ್ಲಬೇಕು. ಪ್ಲಸ್ ಟು ಮುಗಿಸಿದವರಿಗೆ ಬಿಎಫ್‌ಎ ಎಂಬುದು ಲಲಿತಕಲೆಯ ನಾಲ್ಕು ವರ್ಷದ ಪದವಿ. ತಿರುವನಂತಪುರ, ಮಾವೇಲಿಕ್ಕರ, ತ್ರಿಶೂರುಗಳಲ್ಲಿ ಸರಕಾರಿ ಲಲಿತಕಲಾ ಕಾಲೇಜುಗಳಿವೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಿದೆ. ಪ್ರವೇಶಕ್ಕೆ ಚಿತ್ರ ಬರೆದು ತೋರಿಸುವ ಪರೀಕ್ಷೆ ಇರುತ್ತದೆ, ಎರಡು ತಿಂಗಳು ಸುಮ್ಮನಿದ್ದ ಕೈ ಅಲ್ಲಿ ತಡವರಿಸುತ್ತದೆ. ಸರಕಾರಿ ಕಾಲೇಜಿನ ಶುಲ್ಕವನ್ನು ಕೇಳಿ ತಿಳಿದು, ಮನೆಯವರು ನೋಡಿಟ್ಟಿರುವ ನರ್ಸಿಂಗ್ ಕಾಲೇಜಿನ ಶುಲ್ಕದ ಪಕ್ಕದಲ್ಲಿ ಒಂದೇ ಹಾಳೆಯಲ್ಲಿ ಬರೆದು ಅಮ್ಮನ ಮುಂದಿಡು. ಕಲಿತವರು ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಾಗುತ್ತಾರೆ, ಪುಸ್ತಕಗಳಿಗೆ ಚಿತ್ರ ಬರೆಯುತ್ತಾರೆ, ಅನಿಮೇಷನ್‌ಗೆ, ಬಟ್ಟೆಯ ವಿನ್ಯಾಸಕ್ಕೆ ಹೋಗುತ್ತಾರೆ ಎಂಬುದನ್ನೂ ಬರೆ. ಸಾಲದ ಮನೆಯಲ್ಲಿ ಆಸೆಯನ್ನು ಅತ್ತು ಹೇಳುವುದಕ್ಕಿಂತ ಲೆಕ್ಕದಲ್ಲಿ ಹೇಳಿದರೆ ಕಿವಿಗೆ ಬೀಳುವ ಸಂಭವ ಹೆಚ್ಚು.

ಹುಡುಗನ ವಿಷಯ. ಮುಖ ಸಣ್ಣದಾಗುವುದು ಕೆಟ್ಟತನವಲ್ಲ, ನೀನು ದೂರವಾದೀಯೆಂಬ ಭಯ ಅವನಿಗೂ ಇರುತ್ತದೆ. ಆದರೆ ಅವನ ಸಮಾಧಾನಕ್ಕಾಗಿ ಅರ್ಜಿ ಹಾಕದೆ ಉಳಿದರೆ ಮುಂದೆ ಅವನ ಮುಖ ನೋಡಿದಾಗಲೆಲ್ಲ ಹಾಕದ ಆ ಅರ್ಜಿ ನಿನಗೆ ನೆನಪಾಗುತ್ತದೆ, ಅದು ಅವನಿಗೂ ಒಳ್ಳೆಯದಲ್ಲ. ಈ ಪ್ರೀತಿಯನ್ನು ಬಿಡಬೇಕಿಲ್ಲ, ಈ ವರ್ಷವೇ ಅದರ ಬಗ್ಗೆ ಏನನ್ನೂ ತೀರ್ಮಾನಿಸಬೇಕಾಗಿಯೂ ಇಲ್ಲ. ಅವನ ಮುಖದ ಚಿತ್ರವನ್ನು ಅವನಿಗೆ ತೋರಿಸಿದ್ದೀಯೆಂದು ಊಹಿಸುತ್ತೇನೆ. ಅಮ್ಮನ ಕೈಯ ಚಿತ್ರ ತೋರಿಸಿದ್ದೀಯಾ? ಅದನ್ನೂ ತೋರಿಸು, ಅವನು ಏನು ಹೇಳುತ್ತಾನೆಂದು ಕೇಳು. ನಿನ್ನ ಕೆಲಸವೇನೆಂಬುದು ಅವನಿಗೆ ಗೊತ್ತಾಗಬೇಕಾದದ್ದು ಆ ಹಾಳೆಯಿಂದ.

ಇಂದು ರಾತ್ರಿ ಊಟವಾದ ಮೇಲೆ ಅಮ್ಮ ತಡ್ಪೆ ಮಡಿಲಿಗೆ ಎಳೆದುಕೊಳ್ಳುವಾಗ ನೀನೂ ಹತ್ತಿರ ಕುಳಿತು ಅರ್ಧ ಗಂಟೆ ಬರೆ. ಮಣಿಕಟ್ಟಿನಲ್ಲೇ ನಿಂತಿರುವ ಆ ಎಡಗೈಯಿಂದ ಆರಂಭಿಸು.